ವಿಷ ಕುಡಿದ ಮಣ್ಣಿಗೆ ಕಬ್ಬಿಣದ ಮದ್ದು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಹಳೆಯ ಪರಿಚಯದ ಕೃಷಿಕರೊಬ್ಬರು ನನ್ನ ದವಾಖಾನೆಗೆ ಬಂದಿದ್ದರು. ಬಂದದ್ದು ಮೊಣಕಾಲು ನೋವಿಗೆ. ಔಷಧಿ ಕಟ್ಟಿಸಿಕೊಂಡ ಮೇಲೂ ಅವರು ಏಳಲಿಲ್ಲ. ಚೀಲದಿಂದ ಹೊಳೆಯುವ ಒಂದು ಪ್ಯಾಕೆಟ್ ತೆಗೆದು ಮೇಜಿನ ಮೇಲಿಟ್ಟರು.

“ಡಾಕ್ಟ್ರೇ, ಇದನ್ನು ಸ್ವಲ್ಪ ನೋಡಿ. ಎಕರೆಗೆ ಅರ್ಧ ಕಿಲೋ ಸಾಕಂತೆ. ಮಣ್ಣಿನಲ್ಲಿರುವ ವಿಷ ಎಲ್ಲ ಹೋಗುತ್ತದಂತೆ. ನ್ಯಾನೊ ಅಂತೆ.”

ಕೆಲವು ವರ್ಷಗಳ ಹಿಂದೆ ಅವರು ಗೇರು ಗುಡ್ಡೆಯ ಬದಿಯಲ್ಲಿ ಒಂದು ಎಕರೆ ಜಾಗ ತೆಗೆದುಕೊಂಡಿದ್ದರು. ಹಿಂದೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸುರಿಯುತ್ತಿದ್ದ ಗುಡ್ಡೆ ಅದು. ಗಲ್ಫ್‌ನಿಂದ ಮರಳಿದ ಮಗ ಅಲ್ಲಿ ತರಕಾರಿ ಬೆಳೆಯಲು ಹೊರಟಿದ್ದಾನೆ. ಸೊಸೆ ಗರ್ಭಿಣಿ. “ಆ ಮಣ್ಣಿನ ಬಸಳೆಯನ್ನು ಈ ಹುಡುಗಿಗೆ ಬಡಿಸುವುದಿಲ್ಲ” ಎಂದು ಮನೆಯಾಕೆ ಹಟ ಹಿಡಿದಿದ್ದಾರೆ. ಅದೇ ಸಮಯಕ್ಕೆ ಮನೆ ಬಾಗಿಲಿಗೆ ಬಂದ ಏಜೆಂಟನೊಬ್ಬ 3,000 ರೂಪಾಯಿಗೆ ಈ ಪ್ಯಾಕೆಟ್ ಕೊಟ್ಟು ಹೋಗಿದ್ದಾನೆ.

ತಿರುಗಿಸಿ ನೋಡಿದೆ. ಯಾವ ಲೋಹ, ಎಷ್ಟು ಪ್ರಮಾಣ, ಯಾವ ವಿಷಕ್ಕೆ, ಯಾರ ಪರವಾನಗಿ ಎಂಬುದೊಂದೂ ಅದರ ಮೇಲೆ ಇರಲಿಲ್ಲ. “ನೀವೂ ಲೋಹ ಸುಟ್ಟು ಅರೆದು ಕುಶ್ತಾ ಮಾಡುವವರಲ್ಲವಾ? ನಿಮಗೆ ಗೊತ್ತಿರಬೇಕು” ಎಂದರು ಅವರು.

ಅಂದು ನಾನು ಪೂರ್ಣ ಉತ್ತರ ಕೊಡಲಿಲ್ಲ. “ಈಗಲೇ ಮಣ್ಣಿಗೆ ಹಾಕಬೇಡಿ, ಒಂದು ವಾರ ಕೊಡಿ” ಎಂದೆ. ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದು. ಮೊದಲೇ ಹೇಳಿಬಿಡುತ್ತೇನೆ: ಲೋಹದ ನ್ಯಾನೊ ಕಣಗಳಿಂದ ಕೀಟನಾಶಕವನ್ನು ಒಡೆಯಬಹುದು ಎಂಬುದು ನಿಜವಾದ ವಿಜ್ಞಾನ. ಅರ್ಧ ಕಿಲೋ ಪ್ಯಾಕೆಟ್ ಒಂದು ಎಕರೆಯನ್ನು ಶುದ್ಧ ಮಾಡುತ್ತದೆ ಎಂಬುದು ಸುಳ್ಳು.

ಮಣ್ಣಿನಲ್ಲಿ ಉಳಿಯುವ ವಿಷ ಯಾವುದು?

ಎಲ್ಲ ಕೀಟನಾಶಕಗಳೂ ಮಣ್ಣಿನಲ್ಲಿ ಒಂದೇ ರೀತಿ ಉಳಿಯುವುದಿಲ್ಲ. ಮಲಾಥಿಯಾನ್‌ನಂಥವು ಬಿಸಿಲು, ನೀರು, ಸೂಕ್ಷ್ಮಾಣುಜೀವಿಗಳ ಕೆಲಸದಿಂದ ಕೆಲವು ದಿನ ಅಥವಾ ವಾರಗಳಲ್ಲಿ ಒಡೆದು ಹೋಗುತ್ತವೆ. ಬಹುಕಾಲ ಕುಳಿತುಕೊಳ್ಳುವವು ಕ್ಲೋರಿನ್ ತುಂಬಿದ ಹಳೆಯ ಕೀಟನಾಶಕಗಳು. ಡಿಡಿಟಿಯ ಒಂದು ಅಣುವಿನಲ್ಲಿ ಐದು ಕ್ಲೋರಿನ್ ಪರಮಾಣುಗಳಿವೆ. ಲಿಂಡೇನ್ ಮತ್ತು ಎಂಡೋಸಲ್ಫಾನ್‌ಗಳಲ್ಲಿ ಆರಾರು. ಈ ಕ್ಲೋರಿನ್‌ಗಳಿಂದಾಗಿ ಅಣು ಗಟ್ಟಿಯಾಗುತ್ತದೆ, ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಆದ್ದರಿಂದಲೇ ಇವು ಮಣ್ಣಿನಿಂದ ಹುಲ್ಲಿಗೆ, ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ ಬರುತ್ತವೆ. ಮನುಷ್ಯರ ಎದೆಹಾಲಿನಲ್ಲೂ ಡಿಡಿಟಿಯ ಅಂಶ ಕಂಡುಬಂದಿದೆ.

ಮಣ್ಣಿನಲ್ಲಿರುವ ವಿಷದ ಅರ್ಧ ಪಾಲು ಒಡೆಯಲು ಬೇಕಾಗುವ ಕಾಲಕ್ಕೆ ಅರ್ಧಾಯುಷ್ಯ ಎನ್ನುತ್ತಾರೆ. ಡಿಡಿಟಿಗೆ ಇದು ಸುಮಾರು 2ರಿಂದ 15 ವರ್ಷ. ಅಷ್ಟು ಕಾಲ ಕಳೆದಾಗ ಅರ್ಧ ಉಳಿದಿರುತ್ತದೆ, ಮತ್ತೆ ಅಷ್ಟೇ ಕಾಲ ಕಳೆದಾಗ ಅದರ ಅರ್ಧ, ಅಂದರೆ ಕಾಲು ಭಾಗ.

ನಮ್ಮ ಹಿರಿಯರಿಗೆ ಗ್ಯಾಮಾಕ್ಸಿನ್ ಪುಡಿ ನೆನಪಿರುತ್ತದೆ. ಇರುವೆ, ಗೆದ್ದಲು, ತಿಗಣೆ ಎಲ್ಲಕ್ಕೂ ಅದೇ. ಮನೆಯ ಮೂಲೆಗೂ ಗಿಡದ ಬುಡಕ್ಕೂ ಕೈಯಲ್ಲೇ ಎರಚುತ್ತಿದ್ದರು. ಅದು ಬಿಎಚ್‌ಸಿ. ಅದರೊಳಗಿನ ಕೀಟ ಕೊಲ್ಲುವ ಅಂಶವೇ ಲಿಂಡೇನ್. ನಮ್ಮ ದೇಶದಲ್ಲಿ ಬಿಎಚ್‌ಸಿ 1997ರಲ್ಲಿ ನಿಷೇಧವಾಯಿತು, ಲಿಂಡೇನ್ 2013ರಲ್ಲಿ. ಕೃಷಿಯಲ್ಲಿ ಡಿಡಿಟಿ ಬಳಕೆ 1989ರಲ್ಲೇ ನಿಂತಿತ್ತು.

ಎಂಡೋಸಲ್ಫಾನ್‌ನ ಕಥೆ ದಕ್ಷಿಣ ಕನ್ನಡದ ಓದುಗರಿಗೆ ಹೇಳಬೇಕಾಗಿಲ್ಲ. 1980ರ ಸುಮಾರಿನಿಂದ ಸುಮಾರು 20 ವರ್ಷ ಸರ್ಕಾರಿ ಗೇರು ತೋಟಗಳ ಮೇಲೆ ಆಕಾಶದಿಂದ ಅದನ್ನು ಸಿಂಪಡಿಸಲಾಯಿತು. ಗಡಿಯಾಚೆ ಕಾಸರಗೋಡಿನಲ್ಲೂ ಅದೇ ಆಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಊರುಗಳ ಹೆಸರು ಪತ್ರಿಕೆಗಳಿಗೆ ಬಂದದ್ದು ಈ ಕಾರಣಕ್ಕೆ. ಹುಟ್ಟಿನಿಂದಲೇ ಅಂಗವೈಕಲ್ಯ, ಬುದ್ಧಿ ಬೆಳವಣಿಗೆಯ ಕುಂಠಿತ, ಅಪಸ್ಮಾರ ಮುಂತಾದ ತೊಂದರೆ ಇರುವವರನ್ನು ಸರ್ಕಾರವೇ ಎಂಡೋಸಲ್ಫಾನ್ ಪೀಡಿತರೆಂದು ಗುರುತಿಸಿ ಮಾಸಾಶನ ಕೊಡುತ್ತಿದೆ. ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು 2011ರ ಏಪ್ರಿಲ್‌ನಲ್ಲಿ ಈ ವಿಷವನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಮೇ 13ರಂದು ನಮ್ಮ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ಉತ್ಪಾದನೆ ಮತ್ತು ಮಾರಾಟಕ್ಕೆ ತಡೆ ಹಾಕಿತು.

ಸಿಂಪಡಣೆ ನಿಂತಿತು. ಮಣ್ಣಿನ ಬಗೆಗಿನ ಭಯ ಮಾತ್ರ ನಿಲ್ಲಲಿಲ್ಲ. ಪ್ಯಾಕೆಟ್ ಮಾರುವವರಿಗೆ ಬೇಕಾದದ್ದೂ ಈ ಭಯವೇ.

ನ್ಯಾನೊ ಎಂದರೆ ಎಷ್ಟು ಸಣ್ಣದು?

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್. 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳನ್ನು ನ್ಯಾನೊ ಕಣ ಎನ್ನುತ್ತಾರೆ.

ಅಷ್ಟು ಸಣ್ಣದಾಗಿಸಿದರೆ ಏನು ಲಾಭ? ಅಚ್ಚು ಬೆಲ್ಲವನ್ನು ಇಡಿಯಾಗಿ ನೀರಿಗೆ ಹಾಕಿದರೆ ಕರಗಲು ಬಹಳ ಹೊತ್ತು ಬೇಕು. ಪುಡಿ ಮಾಡಿ ಹಾಕಿದರೆ ಕ್ಷಣದಲ್ಲಿ ಕರಗುತ್ತದೆ. ಬೆಲ್ಲ ಅದೇ, ನೀರಿಗೆ ತಾಗುವ ಮೈ ಹೆಚ್ಚಾಗಿದೆ ಅಷ್ಟೆ. ಲೋಹಕ್ಕೂ ಇದೇ ಲೆಕ್ಕ. ಒಂದು ಸೆಂಟಿಮೀಟರ್ ಅಳತೆಯ ಕಬ್ಬಿಣದ ಘನವೊಂದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದು ಮಿಲಿಮೀಟರ್‌ನ ಸಾವಿರ ತುಂಡು ಮಾಡಿದರೆ ಒಟ್ಟು ಹೊರಮೈ 60 ಚದರ ಸೆಂಟಿಮೀಟರ್ ಆಗುತ್ತದೆ. 100 ನ್ಯಾನೊಮೀಟರ್‌ನ ತುಂಡುಗಳಾಗಿ ಮಾಡಿದರೆ 60 ಚದರ ಮೀಟರ್, ಅಂದರೆ 640 ಚದರ ಅಡಿಗೂ ಹೆಚ್ಚು. ಬೆರಳ ತುದಿಯಲ್ಲಿ ಹಿಡಿಯುವ ಕಬ್ಬಿಣ ಒಂದು ಸಣ್ಣ ಮನೆಯ ನೆಲದಷ್ಟು ಮೈ ಚಾಚುತ್ತದೆ. ವಿಷದ ಅಣುವಿನ ಜೊತೆ ರಾಸಾಯನಿಕ ಕೆಲಸ ನಡೆಯುವುದು ಈ ಮೈಯ ಮೇಲೆ.

ತುಕ್ಕು ಹಿಡಿಯುತ್ತಾ ವಿಷ ಒಡೆಯುವ ಕಬ್ಬಿಣ

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಲೋಹ ಕಬ್ಬಿಣ. ತುಕ್ಕು ಹಿಡಿಯದ, ಶುದ್ಧ ಲೋಹರೂಪದ ಕಬ್ಬಿಣ. ಕಬ್ಬಿಣಕ್ಕೆ ತನ್ನಲ್ಲಿರುವ ಎಲೆಕ್ಟ್ರಾನ್‌ಗಳನ್ನು ಬಿಟ್ಟುಕೊಡುವ ಗುಣವಿದೆ. ಗಾಳಿಯಲ್ಲಿರುವ ಆಮ್ಲಜನಕಕ್ಕೆ ಕೊಟ್ಟರೆ ತುಕ್ಕಾಗುತ್ತದೆ. ಪಕ್ಕದಲ್ಲಿ ಕ್ಲೋರಿನ್ ಇರುವ ವಿಷದ ಅಣು ಸಿಕ್ಕಿದರೆ ಅದಕ್ಕೂ ಕೊಡುತ್ತದೆ. ಎಲೆಕ್ಟ್ರಾನ್ ಪಡೆದ ಕ್ಲೋರಿನ್ ಅಣುವಿನಿಂದ ಕಳಚಿಕೊಂಡು, ಅಡುಗೆ ಉಪ್ಪಿನಲ್ಲಿರುವಂಥ ಕ್ಲೋರೈಡ್ ಆಗಿ ನೀರಿಗೆ ಸೇರುತ್ತದೆ. ಅದರ ಜಾಗಕ್ಕೆ ಹೆಚ್ಚಾಗಿ ಜಲಜನಕ ಬರುತ್ತದೆ. ಒಂದೊಂದೇ ಕ್ಲೋರಿನ್ ಹೋದಂತೆ ಅಣು ಸಡಿಲವಾಗುತ್ತದೆ. ಉಳಿದದ್ದನ್ನು ಮಣ್ಣಿನ ಸೂಕ್ಷ್ಮಾಣುಜೀವಿಗಳು ತಿಂದು ಮುಗಿಸುವುದು ಸುಲಭವಾಗುತ್ತದೆ. ಕಬ್ಬಿಣ ಕೊನೆಗೆ ತುಕ್ಕಾಗಿ ಮಣ್ಣಿನಲ್ಲೇ ಉಳಿಯುತ್ತದೆ. ನಮ್ಮ ಕೆಂಪು ಮಣ್ಣಿಗೆ ಬಣ್ಣ ಕೊಟ್ಟಿರುವುದೂ ಅಂಥದೇ ಕಬ್ಬಿಣದ ಆಕ್ಸೈಡ್.

ಕಬ್ಬಿಣದ ಕಣಗಳಿಗೆ ಚೂರು ಪಲ್ಲೇಡಿಯಂ ಎಂಬ ಬೆಲೆಬಾಳುವ ಲೋಹ ಲೇಪಿಸಿದರೆ ಕೆಲಸ ಇನ್ನೂ ವೇಗವಾಗುತ್ತದೆ. ಕಣಗಳನ್ನು ತಯಾರಿಸುವ ವಿಧಾನವೂ ಹಲವು. ಪ್ರಯೋಗಾಲಯದಲ್ಲಿ ಕಬ್ಬಿಣದ ಲವಣಕ್ಕೆ ಸೋಡಿಯಂ ಬೋರೋಹೈಡ್ರೈಡ್ ಸೇರಿಸಿ ಮಾಡುತ್ತಾರೆ. ಗ್ರೀನ್ ಟೀ ಎಲೆಯ ಕಷಾಯ ಸೇರಿಸಿಯೂ ಕಬ್ಬಿಣದ ನ್ಯಾನೊ ಕಣ ಮಾಡಿದ್ದಾರೆ. ಚಹಾದ ಒಗರು ಅಂಶವೇ ಅಲ್ಲಿ ಕೆಲಸ ಮಾಡುವುದು.

ಇದು ಕುಶ್ತಾ ಫೌಲಾದ್ ಅಲ್ಲ

ಈಗ ಆ ಹಿರಿಯರ ಪ್ರಶ್ನೆಗೆ ಬರೋಣ. ಯುನಾನಿಯಲ್ಲಿ ಕಬ್ಬಿಣವನ್ನು ಶುದ್ಧಿ ಮಾಡಿ, ಗಿಡಮೂಲಿಕೆಗಳ ರಸದಲ್ಲಿ ಅರೆದು, ಮಣ್ಣಿನ ಪಾತ್ರೆಯಲ್ಲಿಟ್ಟು ಬಾಯಿ ಮೆತ್ತಿ, ಬೆರಣಿಯ ಬೆಂಕಿಯಲ್ಲಿ ಮತ್ತೆ ಮತ್ತೆ ಸುಟ್ಟು ಕುಶ್ತಾ ಫೌಲಾದ್ ತಯಾರಿಸುತ್ತಾರೆ. ಸರಿಯಾಗಿ ತಯಾರಾದ ಕುಶ್ತಾವನ್ನು ನೀರಿನ ಮೇಲೆ ಉದುರಿಸಿದರೆ ತೇಲಬೇಕು, ಬೆರಳಿನ ಗೆರೆಗಳೊಳಗೆ ಕೂರಬೇಕು. ಅಷ್ಟು ನುಣುಪು. ಇಂಥ ಕುಶ್ತಾಗಳನ್ನು ಆಧುನಿಕ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನ್ಯಾನೊ ಗಾತ್ರದ ಕಣಗಳೂ ಕಂಡಿವೆ. ಆದ್ದರಿಂದ ಅವರ ಹೋಲಿಕೆ ಪೂರ್ತಿ ತಪ್ಪಲ್ಲ.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಕುಶ್ತಾ ಸುಟ್ಟ ಕಬ್ಬಿಣ. ಅದು ಬೆಂಕಿಯಲ್ಲೇ ಆಕ್ಸೈಡ್ ಆಗಿ ಮುಗಿದಿರುತ್ತದೆ. ವಿಷದ ಅಣುವಿಗೆ ಕೊಡಬೇಕಾದ ಎಲೆಕ್ಟ್ರಾನ್ ಅದರಲ್ಲಿ ಉಳಿದಿಲ್ಲ. ಮಣ್ಣು ಶುದ್ಧಿ ಮಾಡುವ ನ್ಯಾನೊ ಕಬ್ಬಿಣ ಸುಡದ, ಹಸಿದಿರುವ ಕಬ್ಬಿಣ. ಒಣಗಿದ ಸ್ಥಿತಿಯಲ್ಲಿ ಗಾಳಿಗೆ ತೆರೆದರೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳುವಷ್ಟು ಚುರುಕು ಅದಕ್ಕಿರಬಹುದು. ಹಾಗಾಗಿ ಅದನ್ನು ನೀರಿನಲ್ಲೋ ಬೇರೆ ದ್ರವದಲ್ಲೋ ಕಲಸಿ, ಗಾಳಿ ತಾಗದಂತೆ ಇಡುತ್ತಾರೆ.

ಆದ್ದರಿಂದ ಕುಶ್ತಾ ತಂದು ಗದ್ದೆಗೆ ಹಾಕಿದರೆ ವಿಷ ಹೋಗುವುದಿಲ್ಲ. ನ್ಯಾನೊ ಕಬ್ಬಿಣವನ್ನು ರಕ್ತಹೀನತೆಗೆ ತಿನ್ನುವಂತೆಯೂ ಇಲ್ಲ. ಕುಶ್ತಾವನ್ನೂ ಅರ್ಹ ಹಕೀಮರ ಸಲಹೆ ಇಲ್ಲದೆ ಅಂಗಡಿಯಿಂದ ತಂದು ತಿನ್ನಬಾರದು. ಹೆಸರು ಒಂದೇ ಲೋಹದ್ದಾದರೂ ರೂಪ ಬೇರೆಯಾದರೆ ಗುಣ ಬೇರೆ, ಪ್ರಮಾಣ ಬೇರೆಯಾದರೆ ಫಲ ಬೇರೆ.

ಇದು ನಿಜವಾಗಿ ಎಲ್ಲಿ ನಡೆದಿದೆ?

ಕಥೆ ಶುರುವಾದದ್ದು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ, 1980ರ ದಶಕದಲ್ಲಿ. ಕೊಳವೆಬಾವಿಯಿಂದ ನೀರಿನ ಮಾದರಿ ತೆಗೆಯಲು ಯಾವ ವಸ್ತುವಿನ ಕೊಳವೆ ಒಳ್ಳೆಯದು ಎಂದು ಅಲ್ಲಿ ಪರೀಕ್ಷಿಸುತ್ತಿದ್ದರು. ಲೋಹಕ್ಕೆ ತಾಗಿದ ನೀರಿನಲ್ಲಿ ಕ್ಲೋರಿನ್ ಇರುವ ದ್ರಾವಕಗಳು ಕಡಿಮೆಯಾಗುತ್ತಿರುವುದು ಗಮನಕ್ಕೆ ಬಂತು. ಪರೀಕ್ಷೆ ಹಾಳಾಯಿತೆಂದು ಬಿಡಲಿಲ್ಲ. ರಾಬರ್ಟ್ ಗಿಲ್‌ಹ್ಯಾಂ ಮತ್ತು ಸಂಗಡಿಗರು 1991ರಲ್ಲಿ ಬೋರ್ಡನ್ ಎಂಬಲ್ಲಿ ಕಬ್ಬಿಣದ ಚೂರು ಮತ್ತು ಮರಳು ಬೆರೆಸಿದ ಗೋಡೆಯನ್ನು ನೆಲದೊಳಗೆ ಕಟ್ಟಿದರು. ಅದರ ಮೂಲಕ ಹಾದುಹೋದ ಅಂತರ್ಜಲದಲ್ಲಿ ವಿಷ ಕಡಿಮೆಯಾಯಿತು.

ಕಬ್ಬಿಣದ ಚೂರಿನ ಬದಲು ನ್ಯಾನೊ ಕಣ ಬಳಸಿದ್ದು ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ವೈ-ಶಿಯಾನ್ ಜಾಂಗ್ ಅವರ ತಂಡ, 1997ರ ಹೊತ್ತಿಗೆ. ಮುಂದೆ ನ್ಯೂಜೆರ್ಸಿಯ ಟ್ರೆಂಟನ್‌ನ ಒಂದು ಕಾರ್ಖಾನೆಯ ಆವರಣದಲ್ಲಿ ಸುಮಾರು 1.7 ಕೆಜಿ ಕಣಗಳನ್ನು ನೀರಿನಲ್ಲಿ ಕಲಸಿ ನೆಲದೊಳಗೆ ಬಿಟ್ಟರು. ನಾಲ್ಕು ವಾರಗಳ ಅವಧಿಯಲ್ಲಿ ಅಲ್ಲಿನ ಅಂತರ್ಜಲದ ಟ್ರೈಕ್ಲೋರೋಎಥಿಲೀನ್ ಎಂಬ ವಿಷ ಕೆಲವು ಕಡೆ ಶೇ. 96ರವರೆಗೆ ಇಳಿಯಿತು. ಒಂದು ಮಾತು ಗಮನಿಸಿ: ಅದು ಕಾರ್ಖಾನೆಯ ದ್ರಾವಕ, ಕೀಟನಾಶಕವಲ್ಲ. ಶುದ್ಧಿಯಾದದ್ದು ಚಿಕ್ಕ ಜಾಗದ ಅಂತರ್ಜಲ, ಎಕರೆಗಟ್ಟಲೆ ಹೊಲವಲ್ಲ.

ನಮ್ಮ ದೇಶದಲ್ಲೂ ಮಹತ್ವದ ಕೆಲಸ ಆಗಿದೆ. ಮದ್ರಾಸ್ ಐಐಟಿಯ ಪ್ರೊ. ಟಿ. ಪ್ರದೀಪ್ ಮತ್ತವರ ಸಂಗಡಿಗರು ಚಿನ್ನ, ಬೆಳ್ಳಿಯ ನ್ಯಾನೊ ಕಣಗಳಿಂದ ಎಂಡೋಸಲ್ಫಾನ್, ಮಲಾಥಿಯಾನ್, ಕ್ಲೋರ್‌ಪೈರಿಫಾಸ್‌ಗಳನ್ನು ಕುಡಿಯುವ ನೀರಿನಿಂದ ತೆಗೆಯಬಹುದೆಂದು ತೋರಿಸಿದರು. ಮುಂದೆ ಅದು ಮನೆಬಳಕೆಯ ನೀರಿನ ಫಿಲ್ಟರ್ ಆಗಿ ಮಾರುಕಟ್ಟೆಗೂ ಬಂತು. ಲಕ್ನೋದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಲಿಂಡೇನ್ ಸೇರಿದ ಮಣ್ಣಿನ ಮೇಲೆ ಜೋಡಿ ವಿಧಾನವೊಂದನ್ನು ಪ್ರಯೋಗಿಸಿ 2013ರಲ್ಲಿ ಪ್ರಕಟಿಸಿದರು. ಪಲ್ಲೇಡಿಯಂ ಸೇರಿದ ಕಬ್ಬಿಣದ ನ್ಯಾನೊ ಕಣಗಳ ಜೊತೆಗೆ ಲಿಂಡೇನ್ ತಿನ್ನುವ ಬ್ಯಾಕ್ಟೀರಿಯವನ್ನೂ ಸೇರಿಸಿದರು. ಕಣ ಮಾತ್ರ ಅಥವಾ ಬ್ಯಾಕ್ಟೀರಿಯ ಮಾತ್ರ ಬಳಸಿದ್ದಕ್ಕಿಂತ ಎರಡೂ ಸೇರಿದಾಗ ಫಲ ಚೆನ್ನಾಗಿತ್ತು. ನನಗೆ ಹೆಚ್ಚು ಭರವಸೆ ಕಂಡದ್ದು ಈ ದಾರಿಯಲ್ಲಿ. ಲೋಹ ಬೀಗ ಮುರಿಯುತ್ತದೆ, ಒಳಗಿನದನ್ನು ಜೀವಿಗಳು ಖಾಲಿ ಮಾಡುತ್ತವೆ.

ಹಾಗಾದರೆ ನಮ್ಮ ತೋಟಕ್ಕೆ ಏಕೆ ಬೇಡ?

ಮೊದಲ ಕಾರಣ, ನೀರು ಬೇರೆ, ಮಣ್ಣು ಬೇರೆ. ಫಿಲ್ಟರ್‌ನಲ್ಲಿ ನೀರು ತಾನಾಗಿ ಹರಿದು ಕಣದ ಬಳಿಗೆ ಬರುತ್ತದೆ. ಮಣ್ಣಿನಲ್ಲಿ ವಿಷ ಜೇಡಿಗೂ ಗೊಬ್ಬರದಂಶಕ್ಕೂ ಅಂಟಿಕೊಂಡು ಕುಳಿತಿರುತ್ತದೆ. ಕಣವೇ ಹುಡುಕಿಕೊಂಡು ಹೋಗಬೇಕು. ಆದರೆ ಕಬ್ಬಿಣದ ಕಣಗಳು ಅಯಸ್ಕಾಂತದಂತೆ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಗಂಟಾಗದಂತೆ ಪಿಷ್ಟ ಅಥವಾ ಸೆಲ್ಯುಲೋಸ್ ಲೇಪಿಸಿದರೂ ನೆಲದೊಳಗೆ ಬಿಟ್ಟ ಜಾಗದಿಂದ ಕೆಲವು ಮೀಟರ್ ಸಾಗುವುದೇ ಕಷ್ಟ. ಅಷ್ಟರಲ್ಲಿ ತುಕ್ಕು ಹಿಡಿದು ಶಕ್ತಿ ಮುಗಿಯುತ್ತದೆ.

ಎರಡನೆಯದು, ಅರ್ಧ ಒಡೆದ ವಿಷವೂ ವಿಷವಾಗಿರಬಹುದು. ಡಿಡಿಟಿಯಿಂದ ಒಂದು ಕ್ಲೋರಿನ್ ಹೋದರೆ ಡಿಡಿಡಿ ಆಗುತ್ತದೆ, ಅದೂ ಬಹುಕಾಲ ಉಳಿಯುವ ವಿಷ. ಲಿಂಡೇನ್‌ನ ಆರೂ ಕ್ಲೋರಿನ್‌ಗಳು ಕಳಚಿದರೆ ಬೆಂಜೀನ್ ಉಳಿಯಬಹುದು, ಅದು ರಕ್ತದ ಕ್ಯಾನ್ಸರ್‌ಗೆ ಕಾರಣವಾಗುವ ವಸ್ತು. ಅದಕ್ಕೇ ಲಕ್ನೋದವರು ಬ್ಯಾಕ್ಟೀರಿಯವನ್ನು ಜೊತೆ ಮಾಡಿದ್ದು. “ವಿಷ ಹೋಯಿತು” ಎಂದು ಯಾರಾದರೂ ಹೇಳಿದರೆ “ಹೋಗಿ ಏನಾಯಿತು?” ಎಂದು ಕೇಳಬೇಕು.

ಮೂರನೆಯದು, ಮಣ್ಣಿನೊಳಗಿನ ಜೀವ. ಪ್ರಮಾಣ ಹೆಚ್ಚಾದರೆ ನ್ಯಾನೊ ಕಬ್ಬಿಣ ಎರೆಹುಳಕ್ಕೂ ಒಳ್ಳೆಯ ಬ್ಯಾಕ್ಟೀರಿಯಗಳಿಗೂ ಹಾನಿ ಮಾಡುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬೆಳ್ಳಿಯ ಕಣಗಳಂತೂ ಬ್ಯಾಕ್ಟೀರಿಯ ಕೊಲ್ಲುವ ಗುಣಕ್ಕೇ ಹೆಸರಾದವು. ಒಣ ಪುಡಿಯನ್ನು ಕೈಯಲ್ಲಿ ಎರಚುವವರ ಶ್ವಾಸಕೋಶದ ಮಾತು ಬೇರೆಯೇ.

ನಾಲ್ಕನೆಯದು ನಮ್ಮ ಅಡಿಕೆ ತೋಟಗಳಿಗೆ ಸಂಬಂಧಿಸಿದ್ದು. ಕೊಳೆರೋಗಕ್ಕೆ ಪ್ರತಿ ಮಳೆಗಾಲ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅದರಲ್ಲಿರುವುದು ತಾಮ್ರ. ಎಂಡೋಸಲ್ಫಾನ್‌ನಂತೆ ತಾಮ್ರ ಒಡೆದು ಹೋಗುವ ವಸ್ತುವಲ್ಲ, ವರ್ಷದಿಂದ ವರ್ಷಕ್ಕೆ ಮೇಲ್ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಅದನ್ನು ಯಾವ ನ್ಯಾನೊ ಕಣವೂ ಇಲ್ಲದಂತೆ ಮಾಡಲಾರದು. “ಎಲ್ಲ ವಿಷಕ್ಕೂ ಒಂದೇ ಪುಡಿ” ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ.

ಅರ್ಧ ಕಿಲೋ ಪ್ಯಾಕೆಟ್‌ನ ಲೆಕ್ಕ

ಒಂದು ವಾರದ ನಂತರ ಆ ಹಿರಿಯರು ಮಗನನ್ನೂ ಕರೆದುಕೊಂಡು ಬಂದರು. ಕಾಗದ ತೆಗೆದು ಮೂವರೂ ಲೆಕ್ಕ ಹಾಕಿದೆವು.

ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು, ಅಂದರೆ ಗೇಣಿಗಿಂತ ಕಡಿಮೆ ಆಳದ್ದು, ಸುಮಾರು 900 ಟನ್ ತೂಗುತ್ತದೆ. ಪ್ರಯೋಗಾಲಯಗಳಲ್ಲಿ ಒಂದು ಕಿಲೋ ಮಣ್ಣಿಗೆ ಒಂದು ಗ್ರಾಂನಿಂದ ಹಲವು ಗ್ರಾಂವರೆಗೆ ಕಣ ಬಳಸುವುದು ಸಾಮಾನ್ಯ. ಒಂದೇ ಗ್ರಾಂ ಎಂದುಕೊಂಡರೂ ಎಕರೆಗೆ 900 ಕಿಲೋ ಬೇಕು. ಅರ್ಧ ಕಿಲೋದ 1,800 ಪ್ಯಾಕೆಟ್. 3,000 ರೂಪಾಯಿಯಂತೆ 54 ಲಕ್ಷ. ಅವರು ಕೊಂಡ ಪ್ಯಾಕೆಟ್ಟನ್ನು ಎಕರೆಗೆ ಹರಡಿದರೆ ಒಂದು ಕಿಲೋ ಮಣ್ಣಿಗೆ ಸಿಗುವುದು ಅರ್ಧ ಮಿಲಿಗ್ರಾಂಗಿಂತ ತುಸು ಹೆಚ್ಚು.

ಮಗ ನಕ್ಕ. ತಂದೆ ನಗಲಿಲ್ಲ. “ಹಾಗಾದರೆ ಇದರೊಳಗೆ ಇರುವುದು ಏನು ಡಾಕ್ಟ್ರೇ?” ಎಂದರು. ನನಗೂ ಗೊತ್ತಿರಲಿಲ್ಲ. ಏನೆಂದು ಗೊತ್ತಿಲ್ಲದ ಪುಡಿಯನ್ನು, ವಿಷ ಇದೆಯೋ ಇಲ್ಲವೋ ಗೊತ್ತಿಲ್ಲದ ಮಣ್ಣಿಗೆ ಹಾಕುವುದು ಚಿಕಿತ್ಸೆಯಲ್ಲ. ನಾಡಿ ನೋಡದೆ ಔಷಧಿ ಬರೆದಂತೆ.

ಇನ್ನೊಂದು ಗೊಂದಲ ಬೇಡ. ನ್ಯಾನೊ ಯೂರಿಯಾ ಎಂದು ಬಾಟಲಿಯಲ್ಲಿ ಸಿಗುವುದು ಎಲೆಗೆ ಸಿಂಪಡಿಸುವ ಗೊಬ್ಬರ. ಅದಕ್ಕೂ ಮಣ್ಣಿನ ವಿಷ ಶುದ್ಧಿಗೂ ಸಂಬಂಧವಿಲ್ಲ.

ಮೊದಲು ಪರೀಕ್ಷೆ

ಎಂಡೋಸಲ್ಫಾನ್ ಮಣ್ಣಿನಲ್ಲಿ ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ವಿಷವಾಗಿ ಬದಲಾಗುತ್ತದೆ. ಎರಡೂ ಸೇರಿದ ಅರ್ಧಾಯುಷ್ಯವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಸುಮಾರು 9 ತಿಂಗಳಿಂದ 6 ವರ್ಷ ಎಂದು ಅಂದಾಜಿಸಿದೆ. ಅತಿ ನಿಧಾನದ 6 ವರ್ಷವನ್ನೇ ಹಿಡಿದರೂ 24 ವರ್ಷದಲ್ಲಿ ಉಳಿಯುವುದು ಹದಿನಾರನೇ ಒಂದು ಪಾಲು. ಗೇರು ಗುಡ್ಡೆಗಳ ಮೇಲಿನ ಸಿಂಪಡಣೆ ನಿಂತು ಎರಡು ದಶಕಕ್ಕೂ ಹೆಚ್ಚಾಗಿದೆ. ಕಾಲವೇ ಬಹಳಷ್ಟು ಕೆಲಸ ಮಾಡಿರಬಹುದು. ಇರಬಹುದು ಎಂಬುದನ್ನು ಖಚಿತ ಮಾಡಿಕೊಳ್ಳಲು ಪರೀಕ್ಷೆ ಬೇಕು.

ಮಣ್ಣು ಆರೋಗ್ಯ ಕಾರ್ಡ್ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು, ತಾಮ್ರ, ಹುಳಿ-ಕ್ಷಾರ ಗುಣ ಇತ್ಯಾದಿ 12 ಅಂಶಗಳಿರುತ್ತವೆ. ಕೀಟನಾಶಕದ ಶೇಷ ಅದರಲ್ಲಿಲ್ಲ. ಅದಕ್ಕೆ ಬೇರೆ ಯಂತ್ರ, ಬೇರೆ ಪ್ರಯೋಗಾಲಯ ಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಶೇಷಾಂಶ ಪರೀಕ್ಷಿಸುವ ಪ್ರಯೋಗಾಲಯವಿದೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಎಲ್ಲಿಗೆ, ಹೇಗೆ ಕಳಿಸಬೇಕೆಂದು ತಿಳಿಸುತ್ತಾರೆ. ಯಾವ ಯಾವ ವಿಷಕ್ಕೆ ಪರೀಕ್ಷೆ, ಶುಲ್ಕ ಎಷ್ಟು, ಯಾವ ಪಾತ್ರೆಯಲ್ಲಿ ಮಣ್ಣು ಕಳಿಸಬೇಕು ಎಂಬುದನ್ನು ಮೊದಲೇ ಕೇಳಿಕೊಳ್ಳಿ. ಒಂದೇ ಜಾಗದ ಮಣ್ಣು ಸಾಲದು. ಎಂಟು ಹತ್ತು ಕಡೆಯಿಂದ ಗೇಣಿನೊಳಗಿನ ಆಳದ ಮಣ್ಣು ತೆಗೆದು ಬೆರೆಸಿ ಅದರಿಂದ ಮಾದರಿ ತೆಗೆಯಬೇಕು. ಔಷಧಿ ಕಲಸುತ್ತಿದ್ದ ಜಾಗ, ಡಬ್ಬ ಇಡುತ್ತಿದ್ದ ಕೊಟ್ಟಿಗೆಯ ಬದಿ ಇದ್ದರೆ ಅದರ ಮಾದರಿ ಬೇರೆ. ಬಾವಿಯ ನೀರನ್ನೂ ಮರೆಯಬೇಡಿ.

ಶೇಷ ಅಲ್ಪಸ್ವಲ್ಪ ಇದ್ದರೆ ಹಳೆಯ ದಾರಿಯೇ ಒಳ್ಳೆಯದು. ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಮತ್ತು ಸೊಪ್ಪು ಮಣ್ಣಿನ ಜೀವಿಗಳನ್ನು ಹೆಚ್ಚಿಸುತ್ತವೆ, ವಿಷವನ್ನು ಹಿಡಿದಿಟ್ಟು ಗಿಡಕ್ಕೆ ಸುಲಭವಾಗಿ ಹೋಗದಂತೆ ಮಾಡುತ್ತವೆ. ಅಂಥ ಜಾಗದಲ್ಲಿ ಮೂಲಂಗಿ, ಕ್ಯಾರೆಟ್, ಗೆಣಸಿನಂಥ ಮಣ್ಣೊಳಗಿನ ಬೆಳೆ ಬೇಡ. ಕುಂಬಳದ ಕುಟುಂಬದ ಕೆಲವು ಬಳ್ಳಿಗಳು ಮಣ್ಣಿನಿಂದ ಡಿಡಿಟಿಯ ಶೇಷವನ್ನು ಹೆಚ್ಚಾಗಿ ಹೀರುತ್ತವೆ, ಅವೂ ಬೇಡ. ಶೇಷ ಹೆಚ್ಚಿದ್ದರೆ ಅದು ಒಬ್ಬ ಕೃಷಿಕ ಪ್ಯಾಕೆಟ್ ತಂದು ಮಾಡುವ ಕೆಲಸವಲ್ಲ. ವರದಿ ಹಿಡಿದು ಕೃಷಿ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಬಾಗಿಲು ತಟ್ಟಬೇಕು. ನ್ಯಾನೊ ಕಣಗಳ ವಿಧಾನಕ್ಕೆ ಜಾಗವಿರುವುದು ಅಲ್ಲಿ: ಹಳೆಯ ಕೀಟನಾಶಕ ಗೋದಾಮು, ತ್ಯಾಜ್ಯ ಸುರಿದ ಹೊಂಡದಂಥ ಚಿಕ್ಕ ಜಾಗದಲ್ಲಿ, ತಜ್ಞರ ಕೈಯಲ್ಲಿ, ಮೊದಲೂ ನಂತರವೂ ಪರೀಕ್ಷೆ ಮಾಡುತ್ತಾ.

ಮನೆಯಲ್ಲಿ ಇಷ್ಟು ಮಾಡಿ

* ತೋಟದ ಚಪ್ಪಲಿ ಮನೆಯೊಳಗೆ ಬರಬಾರದು. ಸಿಂಪಡಣೆಯ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬಾರದು.

* ಮಣ್ಣಿನಲ್ಲಿ ಆಡಿದ ಮಕ್ಕಳ ಕೈಯನ್ನು ಊಟಕ್ಕೆ ಮುಂಚೆ ಸಾಬೂನಿನಿಂದ ತೊಳೆಸಿ. ಬರೀ ನೀರು ಸಾಲದು.

* ಮಣ್ಣು ತಿನ್ನುವ ಮಗು, ಮಣ್ಣಿನ ವಾಸನೆಗೆ ಬಾಯಿ ನೀರೂರುವ ಗರ್ಭಿಣಿ ಇದ್ದರೆ ಬೈಯಬೇಡಿ. ರಕ್ತಹೀನತೆಯಿಂದಲೂ ಹಾಗಾಗುತ್ತದೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

* ತರಕಾರಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಗೆಡ್ಡೆಗಳ ಸಿಪ್ಪೆ ತೆಗೆಯಿರಿ.

* ಕೀಟನಾಶಕದ ಖಾಲಿ ಡಬ್ಬದಲ್ಲಿ ನೀರು, ಎಣ್ಣೆ, ಉಪ್ಪು ಏನನ್ನೂ ಇಡಬೇಡಿ. ಮೂರು ಸಲ ತೊಳೆದು ಆ ನೀರನ್ನು ಸಿಂಪಡಣೆಯ ಟ್ಯಾಂಕಿಗೇ ಹಾಕಿ, ಡಬ್ಬಕ್ಕೆ ತೂತು ಮಾಡಿ.

* ಅಟ್ಟದಲ್ಲಿ ಹಳೆಯ ಗ್ಯಾಮಾಕ್ಸಿನ್, ಡಿಡಿಟಿ, ಎಂಡೋಸಲ್ಫಾನ್ ಉಳಿದಿದ್ದರೆ ಹೂಳಬೇಡಿ, ಸುಡಬೇಡಿ, ತೋಡಿಗೆ ಸುರಿಯಬೇಡಿ. ಬಿಗಿಯಾಗಿ ಮುಚ್ಚಿ, ಮಕ್ಕಳಿಗೆ ಸಿಗದಂತಿಟ್ಟು, ಕೃಷಿ ಇಲಾಖೆಗೆ ತಿಳಿಸಿ.

* ಯಾರಾದರೂ ಕೀಟನಾಶಕ ಕುಡಿದರೆ, ಉಸಿರಿಗೆಳೆದು ತಲೆಸುತ್ತು, ವಾಂತಿ, ಬೆವರು, ನಡುಕ ಬಂದರೆ 108ಕ್ಕೆ ಕರೆ ಮಾಡಿ ನೇರ ಆಸ್ಪತ್ರೆಗೆ ಒಯ್ಯಿರಿ. ಡಬ್ಬದ ಲೇಬಲ್ ಜೊತೆಗಿರಲಿ. ವಾಂತಿ ಮಾಡಿಸಲು ಹೋಗಬೇಡಿ. ಆ ಹೊತ್ತಿನಲ್ಲಿ ನನ್ನ ದವಾಖಾನೆಗೂ ಬರಬೇಡಿ.

“ಮೈಯಲ್ಲಿ ಸೇರಿದ ಕೀಟನಾಶಕ ತೆಗೆಯಲು ರಕ್ತ ಶುದ್ಧಿಯ ಔಷಧಿ ಕೊಡಿ” ಎಂದು ಕೇಳುವವರೂ ಇದ್ದಾರೆ. ನಮ್ಮಲ್ಲಿ ಮುಸಫ್ಫಿ-ಎ-ಖೂನ್ ಎಂಬ ಔಷಧಿಗಳಿವೆ, ಚರ್ಮದ ತೊಂದರೆಗಳಿಗೆ ಕೊಡುತ್ತೇವೆ. ಡಿಡಿಟಿ, ಎಂಡೋಸಲ್ಫಾನ್ ತೆಗೆಯಲು ನಾನು ಅವನ್ನು ಕೊಡುವುದಿಲ್ಲ. ಮಣ್ಣಿನ ವಿಷಕ್ಕೆ ಸುಳ್ಳು ಪುಡಿ ಮಾರುವವರನ್ನು ಬೈದು, ಮೈಯ ವಿಷಕ್ಕೆ ಅದೇ ಕೆಲಸ ನಾನು ಮಾಡಬಾರದಲ್ಲ.

ಆ ಹಿರಿಯರ ಮಣ್ಣಿನ ವರದಿ ಕೆಲವು ವಾರಗಳ ಬಳಿಕ ಬಂತು. ಎಂಡೋಸಲ್ಫಾನ್ ಆಗಲಿ ಅದರ ಸಲ್ಫೇಟ್ ಆಗಲಿ ಯಂತ್ರ ಗುರುತಿಸುವ ಮಟ್ಟದಲ್ಲಿ ಇರಲಿಲ್ಲ. ಮನೆಯಾಕೆ ಬಸಳೆ ಬೇಯಿಸಿದರಂತೆ. ಇದು ಅವರ ಒಂದು ಎಕರೆಯ ಮಾತು ಮಾತ್ರ, ಪಕ್ಕದ ಜಾಗಕ್ಕೆ ಪಕ್ಕದ್ದೇ ಪರೀಕ್ಷೆ ಬೇಕು.

ವರದಿ ಮಡಚಿ ಕಿಸೆಗೆ ಹಾಕುತ್ತಾ ಅವರು ಹೇಳಿದ್ದು: “ಮಣ್ಣು ಗುಣ ಆಯ್ತು ಡಾಕ್ಟ್ರೇ. ನಮ್ಮ ನೆರೆಮನೆಯ ಹುಡುಗ ಮಾತ್ರ ಇನ್ನೂ ಚಾಪೆಯ ಮೇಲೇ ಇದ್ದಾನೆ. ಅವನಿಗೆ ಈಗ ಮೂವತ್ತು ವರ್ಷ.”

ಮಣ್ಣಿನಲ್ಲಿ ಬಿದ್ದ ವಿಷವನ್ನು ಕಾಲ ಒಡೆಯುತ್ತದೆ, ಸೂಕ್ಷ್ಮಾಣುಜೀವಿ ಒಡೆಯುತ್ತದೆ, ಮುಂದೊಂದು ದಿನ ಅಗ್ಗದ ಕಬ್ಬಿಣದ ಕಣವೂ ಒಡೆಯಬಹುದು. ತಾಯಿಯ ಗರ್ಭದಲ್ಲಿರುವ ಮಗುವಿಗೆ ಆದ ಹಾನಿಯನ್ನು ಸರಿಮಾಡುವ ಕಣ ಯಾರ ಬಳಿಯೂ ಇಲ್ಲ. ಮುಂದೆ ಶುದ್ಧಿ ಮಾಡಿದರಾಯಿತು ಎಂಬ ಧೈರ್ಯದಲ್ಲಿ ಇಂದು ಒಂದು ಡಬ್ಬ ಹೆಚ್ಚು ಹೊಡೆಯುವವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು.